ಇನಿಷಿಯಲ್ ಇಲ್ಲದ ತಂಡದ ಔದಾರ್ಯ

ನಮ್ಮ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡದ ಆಟಗಾರ ಟೈಲರ್ ಸೋಡರ್‌ಸ್ಟ್ರಾಮ್‌ಗೆ 7 ವರ್ಷಕ್ಕೆ 8.6 ಕೋಟಿ ಡಾಲರ್ ಎಂಬ ಸುದ್ದಿ ಕ್ರಿಸ್‌ಮಸ್ ಹೊತ್ತಿಗೆ ಬಂದಾಗಿನಿಂದ ನನಗೆ ಅಭಿನಂದನೆಗಳು ಬರುತ್ತಲೇ ಇವೆ. ನಾನಿರುವ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ತರಕಾರಿ ಅಂಗಡಿಯಲ್ಲಿ, ಸಂಕ್ರಾಂತಿ ಊಟದ ಸಾಲಿನಲ್ಲಿ, ಕಚೇರಿಯ ಲಿಫ್ಟಿನಲ್ಲಿ ಸಿಕ್ಕವರೆಲ್ಲರೂ ಕೈ ಕುಲುಕಿ, “ಅಂತೂ ನಿಮ್ಮ ಮಾಲೀಕರು ಗಂಟು ಬಿಚ್ಚಿದರು” ಎನ್ನುತ್ತಾರೆ. ತಡವಾಗಿಯಾದರೂ ಮಗಳ ಮದುವೆ ಗೊತ್ತಾದವನಿಗೆ ಹೇಳುವ ಧಾಟಿಯದು. ಜನವರಿಯಲ್ಲಿ ಶಾರ್ಟ್‌ಸ್ಟಾಪ್ ಜೇಕಬ್ ವಿಲ್ಸನ್‌ಗೆ 7 ವರ್ಷಕ್ಕೆ 7 ಕೋಟಿ ಡಾಲರ್ ಕೊಟ್ಟ ಮೇಲಂತೂ, ನಾನೇ ಏನೋ ಸಾಧಿಸಿದೆನೆಂಬಂತೆ ಜನ ನನ್ನನ್ನು ನೋಡುತ್ತಿದ್ದಾರೆ. ನಾನೂ ಹಲ್ಲು ಬಿಟ್ಟು ತಲೆಯಾಡಿಸುತ್ತೇನೆ.

ಅಥ್ಲೆಟಿಕ್ಸ್ ತಂಡ ಹುಟ್ಟಿದ್ದು 1901ರಲ್ಲಿ. ಅಂದಿನಿಂದ ಇಂದಿನವರೆಗೆ ಯಾವ ಆಟಗಾರನಿಗೂ ಇಷ್ಟು ದೊಡ್ಡ ಒಪ್ಪಂದವನ್ನು ಕೊಟ್ಟಿರಲಿಲ್ಲ ಎಂಬುದನ್ನು ಪತ್ರಿಕೆಗಳು ಹೆಮ್ಮೆಯ ಸಂಗತಿಯಂತೆ ಬರೆದಿವೆ. ಇದಕ್ಕೆ ಹಿಂದಿನ ದಾಖಲೆ 2024ರ ಡಿಸೆಂಬರ್‌ನಲ್ಲಿ ಚೆಂಡೆಸೆಯುವ ಆಟಗಾರ (ಪಿಚರ್) ಲೂಯಿಸ್ ಸೆವೆರಿನೊಗೆ ಕೊಟ್ಟ 6.7 ಕೋಟಿ. ಅದಕ್ಕೂ ಹಿಂದಿನದು 2004ರಲ್ಲಿ ಎರಿಕ್ ಶಾವೆಜ್‌ಗೆ ಕೊಟ್ಟ 6.6 ಕೋಟಿ. ಈ ಎರಡರ ನಡುವೆ 20 ವರ್ಷ ಕಳೆದಿತ್ತು. ಶಾವೆಜ್ ಅಷ್ಟರಲ್ಲಿ ಗಾಯಗೊಂಡು, ತಂಡ ಬಿಟ್ಟು, ನಿವೃತ್ತರಾಗಿ, ಬೇರೆ ತಂಡದಲ್ಲಿ ಕೋಚ್ ಕೂಡ ಆಗಿದ್ದರು. ಆ 20 ವರ್ಷಗಳಲ್ಲಿ ಬೆಲೆಯೇರಿಕೆ ಹಾಲಿಗೆ ತಟ್ಟಿತು, ಬೆಂಡೆಕಾಯಿಗೆ ತಟ್ಟಿತು, ಈ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಮನೆ ಬಾಡಿಗೆಗೆ ತಟ್ಟಿದ ಪರಿಯನ್ನು ಹೇಳುವುದೇ ಬೇಡ. ನಮ್ಮ ತಂಡದ ಖಜಾನೆಯ ಬಾಗಿಲಿಗೆ ಮಾತ್ರ ಬಂದು ತಟ್ಟಿ, ಯಾರೂ ತೆರೆಯದಿರಲು ವಾಪಸು ಹೋಯಿತು.

ಹಾಗಾದರೆ ಈಗ ಬಾಗಿಲು ತೆರೆದದ್ದು ಹೇಗೆ? ಮಾರ್ಚ್ ತಿಂಗಳಲ್ಲಿ ನಮ್ಮೂರಿನ ರಸ್ತೆಗಳಿಗೆ ಇದ್ದಕ್ಕಿದ್ದಂತೆ ಡಾಂಬರು ಬೀಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೆರಿಕದ ಬೇಸ್‌ಬಾಲಿನ ಮೇಲ್ಹಂತವಾದ ಮೇಜರ್ ಲೀಗ್‌ನಲ್ಲಿ ಶ್ರೀಮಂತ ತಂಡಗಳ ಆದಾಯದ ಒಂದು ಪಾಲನ್ನು ಸಣ್ಣ ಮಾರುಕಟ್ಟೆಯ ತಂಡಗಳಿಗೆ ಹಂಚುವ ಪದ್ಧತಿಯಿದೆ. ಹಾಗೆ ಪಡೆದ ತಂಡವು ತನಗೆ ಬಂದದ್ದರ ಒಂದೂವರೆ ಪಟ್ಟನ್ನಾದರೂ ಆಟಗಾರರ ಸಂಬಳಕ್ಕೆ ವೆಚ್ಚ ಮಾಡದಿದ್ದರೆ, ಆಟಗಾರರ ಸಂಘವು ದೂರು ಸಲ್ಲಿಸಬಹುದು. 2025ರಲ್ಲಿ ಅಥ್ಲೆಟಿಕ್ಸ್‌ಗೆ ಬರಬೇಕಾಗಿದ್ದ ಪಾಲು ಸುಮಾರು 7 ಕೋಟಿ ಡಾಲರ್ ಎಂದು ಪತ್ರಿಕೆಗಳು ಅಂದಾಜು ಮಾಡಿದ್ದವು. ಒಂದೂವರೆ ಪಟ್ಟು ಎಂದರೆ 10.5 ಕೋಟಿ. ಸೆವೆರಿನೊಗೆ ದಾಖಲೆಯ ಹಣ ಸಿಕ್ಕಿದ್ದು, ಟ್ಯಾಂಪಾ ಬೇಯಿಂದ ಪಿಚರ್ ಜೆಫ್ರಿ ಸ್ಪ್ರಿಂಗ್ಸ್ ಬಂದದ್ದು, ಬ್ರೆಂಟ್ ರೂಕರ್‌ಗೆ 5 ವರ್ಷಕ್ಕೆ 6 ಕೋಟಿಯ ಒಪ್ಪಂದವಾದದ್ದು ಎಲ್ಲವೂ ಆ ಲೆಕ್ಕ ಬಹಿರಂಗವಾಗಿ ಚರ್ಚೆಯಾದ ಚಳಿಗಾಲದಲ್ಲಿಯೇ. ಇದು ಕೇವಲ ಕಾಕತಾಳೀಯವೆಂದು ನಂಬುವ ಸಾತ್ವಿಕರೂ ಲೋಕದಲ್ಲಿ ಇದ್ದಾರೆ, ಅವರ ನೆಮ್ಮದಿಗೆ ನಾನು ಭಂಗ ತರುವುದಿಲ್ಲ. ಅನುದಾನವು ಲ್ಯಾಪ್ಸ್ ಆಗಬಾರದೆಂದು ಹಾಕಿದ ಡಾಂಬರಿನ ಮೇಲೂ ಗಾಡಿಗಳು ಓಡುತ್ತವೆ ಎಂಬುದನ್ನು ನಾನು ಒಪ್ಪುತ್ತೇನೆ. ಗುತ್ತಿಗೆದಾರನಿಗೆ ದಾನಶೂರ ಕರ್ಣನೆಂಬ ಬಿರುದು ಕೊಡುವಾಗ ಮಾತ್ರ ನನಗೆ ಸ್ವಲ್ಪ ಕೆಮ್ಮು ಬರುತ್ತದೆ.

ಮೊನ್ನೆ ಮೈಸೂರಿನಿಂದ ಅಮ್ಮ ಫೋನ್ ಮಾಡಿದ್ದಾಗ ಇದೇ ಒಪ್ಪಂದಗಳ ವಿಷಯ ಬಂತು. ಎಲ್ಲವನ್ನೂ ಕೇಳಿಸಿಕೊಂಡು ಅವಳು ಒಂದೇ ಪ್ರಶ್ನೆ ಕೇಳಿದಳು: “ಅಲ್ಲ ಕಣೋ, ಈಗ ಆ ಟೀಮು ಯಾವ ಊರಿಂದು?”

ಇದಕ್ಕೆ ಉತ್ತರವಿಲ್ಲ. ಉತ್ಪ್ರೇಕ್ಷೆಯ ಮಾತಲ್ಲ, ಅಧಿಕೃತವಾಗಿಯೇ ಇಲ್ಲ. 2024ರ ಸೆಪ್ಟೆಂಬರ್ 26ರಂದು ಓಕ್‌ಲ್ಯಾಂಡ್‌ನ ಕೊಲಿಸಿಯಂನಲ್ಲಿ ಟೆಕ್ಸಸ್ ರೇಂಜರ್ಸ್ ವಿರುದ್ಧ ಕೊನೆಯ ಆಟ ಮುಗಿಸಿ, 57 ಋತುಗಳ ಮನೆಯನ್ನು ಖಾಲಿ ಮಾಡಿದ ತಂಡವು, ಸ್ಯಾಕ್ರಮೆಂಟೊ ನಗರದ ಮಗ್ಗುಲಿನಲ್ಲಿರುವ ವೆಸ್ಟ್ ಸ್ಯಾಕ್ರಮೆಂಟೊ ಎಂಬಲ್ಲಿ ಆಡುತ್ತಿದೆ. ಆದರೆ ಆ ಊರಿನ ಹೆಸರನ್ನು ಇಟ್ಟುಕೊಂಡಿಲ್ಲ. 2028ಕ್ಕೆ ಲಾಸ್ ವೇಗಸ್‌ಗೆ ಹೋಗಲಿದೆ. ಆದರೆ ಆ ಹೆಸರನ್ನು ಇಟ್ಟುಕೊಳ್ಳುವ ಕಾಲ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಬರಿಯ “ಅಥ್ಲೆಟಿಕ್ಸ್”. ಅಂಕಪಟ್ಟಿಯಲ್ಲಿ 29 ತಂಡಗಳ ಹೆಸರಿನ ಹಿಂದೆ ಒಂದು ಊರೋ ರಾಜ್ಯವೋ ಇರುತ್ತದೆ, ಮೂವತ್ತನೆಯದು ಮಾತ್ರ ಹೀಗೆ ಬರಿಗೈಯಲ್ಲಿ ನಿಂತಿರುತ್ತದೆ. ತೋಳಿನ ಮೇಲೆ ಎರಡು ಪಟ್ಟಿಗಳಿವೆ: ಒಂದರಲ್ಲಿ ಸ್ಯಾಕ್ರಮೆಂಟೊ, ಇನ್ನೊಂದರಲ್ಲಿ ಲಾಸ್ ವೇಗಸ್. ಎರಡು ಊರಿನ ನೆಂಟರಿಗೂ ಬೇಸರವಾಗಬಾರದು ನೋಡಿ.

ಈ ವಿಷಯವನ್ನು ಅಮೆರಿಕದವರಿಗಿಂತ ನಾವು ಚೆನ್ನಾಗಿ ಬಲ್ಲೆವು. ನಮ್ಮ ಕಡೆ ಮನುಷ್ಯನ ಹೆಸರಿಗೆ ಮೊದಲು ಊರಿನ ಅಕ್ಷರ ಬರುತ್ತದೆ, ಆಮೇಲೆ ಅಪ್ಪನದು, ಕೊನೆಗೆ ಅವನದು. ನನ್ನ ಇನಿಷಿಯಲ್‌ನಲ್ಲಿರುವ ಹಳ್ಳಿಯಲ್ಲಿ ನಾನು ಒಂದು ರಾತ್ರಿಯನ್ನೂ ಕಳೆದವನಲ್ಲ; ನನ್ನ ತಾತ ಅಲ್ಲಿಂದ ಗಂಟು ಕಟ್ಟಿಕೊಂಡು ಹೊರಟು ಎಷ್ಟೋ ದಶಕಗಳಾದವು. ಆದರೂ ಆ ಅಕ್ಷರವನ್ನು ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆಸಿ, ಇಲ್ಲಿನ ಕಚೇರಿಗಳಲ್ಲಿ ಅದೇ ನನ್ನ ಮೊದಲ ಹೆಸರೆಂದು ತಿಳಿದು ಹಳ್ಳಿಯ ಹೆಸರಿನಿಂದಲೇ ನನ್ನನ್ನು ಕೂಗಿದಾಗಲೂ, ಅದನ್ನು ಕಿತ್ತುಹಾಕಬೇಕೆಂದು ನನಗೆ ಅನ್ನಿಸಲಿಲ್ಲ. ಊರನ್ನು ಬಿಟ್ಟವನೂ ಊರಿನ ಅಕ್ಷರವನ್ನು ಬಿಡುವುದಿಲ್ಲ. ನಮ್ಮ ಬೆಂಗಳೂರಿನ ಕ್ರಿಕೆಟ್ ತಂಡವನ್ನೇ ನೋಡಿ. 2008ರಿಂದ 2025ರವರೆಗೆ ಒಂದು ಕಪ್ಪಿಗಾಗಿ ಜನರನ್ನು ಕಾಯಿಸಿತು, ವರ್ಷ ವರ್ಷವೂ ಹರಾಜಿನಲ್ಲಿ ಏನೇನನ್ನೋ ಕೊಂಡು ನಗೆಪಾಟಲಾಯಿತು. ಆದರೆ 2024ರಲ್ಲಿ ಮಾಡಿದ ಬದಲಾವಣೆ ಯಾವುದೆಂದರೆ, “ಬ್ಯಾಂಗಲೋರ್” ಎಂದಿದ್ದುದನ್ನು “ಬೆಂಗಳೂರು” ಎಂದು ತಿದ್ದಿಕೊಂಡಿತು. ಸೋತರೂ ಊರಿನ ಹೆಸರನ್ನು ಸರಿಯಾಗಿ ಬರೆಯಬೇಕೆಂಬ ಪ್ರಜ್ಞೆ ಅದಕ್ಕಿತ್ತು.

ಊರು ಹುಡುಕುವ ಕೆಲಸವನ್ನು ಅಥ್ಲೆಟಿಕ್ಸ್ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಅಷ್ಟು ಶ್ರದ್ಧೆಯಿಂದ ಹೆಣ್ಣು ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು, “ತಿಳಿಸುತ್ತೇವೆ” ಎಂದು ಎದ್ದು ಬಂದ ವರ ಇನ್ನೊಬ್ಬನಿಲ್ಲ. 2006ರಲ್ಲಿ ನಾನಿರುವ ಫ್ರೀಮಾಂಟ್‌ಗೇ ಬಂದಿದ್ದರು. ಇಲ್ಲಿ ಮೈದಾನ ಕಟ್ಟುತ್ತೇವೆ ಎಂದರು, ನಕ್ಷೆ ತೋರಿಸಿದರು. ಇಡ್ಲಿ ಹೋಟೆಲಿಗೂ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸಿಗೂ ಒಂದೇ ಪಾರ್ಕಿಂಗ್ ಎಂದು ನಾವೆಲ್ಲ ಕನಸು ಕಂಡೆವು. 2009ರ ಫೆಬ್ರವರಿಯಲ್ಲಿ ಆ ಸಂಬಂಧ ಮುರಿಯಿತು. ಆಮೇಲೆ ಸ್ಯಾನ್ ಹೊಸೆ ಮೇಲೆ ಕಣ್ಣು ಹಾಕಿದರು. ಆ ಪ್ರದೇಶ ತನ್ನ ಹಕ್ಕಿನದೆಂದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಅಡ್ಡ ನಿಂತಿತು, ನಗರವು ಲೀಗಿನ ಮೇಲೆ ದಾವೆ ಹೂಡಿತು, 2015ರಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. 2017ರಲ್ಲಿ ಓಕ್‌ಲ್ಯಾಂಡ್‌ನ ಒಂದು ಕಾಲೇಜಿನ ಪಕ್ಕದ ಜಾಗ ಹಿಡಿಸಿತು, ಅವರು ಬೇಡವೆಂದರು. ಅನಂತರ ಅದೇ ಊರಿನ ಬಂದರಿನ ಬಳಿ, ಹೊವರ್ಡ್ ಟರ್ಮಿನಲ್‌ನಲ್ಲಿ, 1,200 ಕೋಟಿ ಡಾಲರ್‌ಗಳ ಒಂದು ಇಂದ್ರಪ್ರಸ್ಥದ ಚಿತ್ರ ಬರೆಸಿದರು. ಆ ಮಾತುಕತೆ ನಡೆಯುತ್ತಿರುವಾಗಲೇ, 2023ರ ಏಪ್ರಿಲ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ಜಾಗಕ್ಕೆ ಒಪ್ಪಂದವಾಗಿದೆ ಎಂದು ಹೇಳಿದರು. ಕೆಲವೇ ವಾರಗಳಲ್ಲಿ ಆ ಜಾಗವನ್ನೂ ಬದಲಾಯಿಸಿ, ಟ್ರಾಪಿಕಾನಾ ಹೋಟೆಲಿನ ನೆಲದಲ್ಲಿ ಕಟ್ಟುತ್ತೇವೆ ಎಂದರು. ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ ಕಲ್ಯಾಣ ಮಂಟಪವನ್ನು ಬದಲಿಸುವವರಿದ್ದಾರೆ, ಹುಡುಗಿಯನ್ನೇ ಬದಲಿಸುವವರನ್ನು ನಾನು ಕಂಡದ್ದು ಇಲ್ಲಿಯೇ.

ಆಟವಿಲ್ಲದ ಚಳಿಗಾಲಕ್ಕೆ ಬೇಸ್‌ಬಾಲಿನಲ್ಲಿ ವಿಶೇಷ ಸ್ಥಾನವಿದೆ. ಆಗ ತಂಡಗಳು ಆಟಗಾರರನ್ನು ಕೊಳ್ಳುತ್ತವೆ, ಮಾರುತ್ತವೆ, ಅಭಿಮಾನಿಗಳು ಒಲೆಯ ಮುಂದೆ ಕುಳಿತು ವಾದ ಮಾಡುತ್ತಾರೆ. ನಮ್ಮ ಮನೆಯಲ್ಲಿ ಅದು ಶ್ರಾದ್ಧದ ಕಾಲವಾಗಿತ್ತು. 2022ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ನಮ್ಮ ಆಟಗಾರರಾದ ಕ್ರಿಸ್ ಬ್ಯಾಸಿಟ್ ನ್ಯೂಯಾರ್ಕ್ ಮೆಟ್ಸ್‌ಗೆ, ಮ್ಯಾಟ್ ಓಲ್ಸನ್ ಅಟ್ಲಾಂಟಾ ಬ್ರೇವ್ಸ್‌ಗೆ, ಮ್ಯಾಟ್ ಚಾಪ್‌ಮನ್ ಟೊರಾಂಟೊಗೆ ಹೋದರು. ಓಲ್ಸನ್ ಹೋದ ಮಾರನೆಯ ದಿನವೇ ಅಟ್ಲಾಂಟಾದವರು ಅವರಿಗೆ 8 ವರ್ಷಕ್ಕೆ 16.8 ಕೋಟಿ ಡಾಲರ್ ಕೊಟ್ಟರು. 2023ರಲ್ಲಿ ಅವರು ಅಲ್ಲಿ 54 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥದು) ಹೊಡೆದರು. ಚಾಪ್‌ಮನ್ ಸುತ್ತಿಬಳಸಿ ಈಗ ಕೊಲ್ಲಿಯ ಆಚೆ ದಡದ ಜೈಂಟ್ಸ್‌ನಲ್ಲಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಕ್ಯಾಚರ್ ಶಾನ್ ಮರ್ಫಿಯನ್ನೂ ಅಟ್ಲಾಂಟಾಗೆ ಕಳುಹಿಸಲಾಯಿತು. ಇಷ್ಟೆಲ್ಲ ಮಿತವ್ಯಯದ ಫಲವಾಗಿ ತಂಡವು 2022ರಲ್ಲಿ 102 ಆಟಗಳನ್ನೂ 2023ರಲ್ಲಿ 112 ಆಟಗಳನ್ನೂ ಸೋತಿತು.

ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಪ್ರಸಂಗ ಮಾರ್ಕಸ್ ಸೆಮಿಯೆನ್ ಅವರದು. ಈ ಕೊಲ್ಲಿಯಲ್ಲಿಯೇ ಹುಟ್ಟಿ, ಬರ್ಕ್ಲಿಯಲ್ಲಿ ಓದಿದ ಹುಡುಗ. 2020ರ ಋತು ಮುಗಿದಾಗ ಅವರ ಒಪ್ಪಂದವೂ ಮುಗಿದಿತ್ತು. ಆಗ ತಂಡವು ಒಂದು ವರ್ಷಕ್ಕೆ 1.25 ಕೋಟಿ ಡಾಲರ್ ಕೊಡುವುದಾಗಿಯೂ, ಅದರಲ್ಲಿ 1 ಕೋಟಿಯನ್ನು ವರ್ಷಕ್ಕೆ 10 ಲಕ್ಷದಂತೆ ಹತ್ತು ಕಂತುಗಳಲ್ಲಿ ತೀರಿಸುವುದಾಗಿಯೂ ಹೇಳಿತೆಂದು ವರದಿಯಾಯಿತು. ಮನೆಗೆಲಸದವಳಿಗೆ ಹಬ್ಬದ ಸೀರೆಯನ್ನು ಹತ್ತು ಕಂತಿನಲ್ಲಿ ಕೊಡುತ್ತೇನೆ ಎಂದು ಹೇಳುವ ಧೈರ್ಯ ನನ್ನ ಅಜ್ಜಿಗೂ ಇರಲಿಲ್ಲ, ಅವರು ಜಿಪುಣತನಕ್ಕೆ ಇಡೀ ಬೀದಿಯಲ್ಲಿ ಹೆಸರಾಗಿದ್ದರು. ಚೀಟಿ ನಡೆಸುವವರಾದರೂ ಮೊದಲ ತಿಂಗಳು ಒಂದು ಊಟ ಹಾಕುತ್ತಾರೆ. ಸೆಮಿಯೆನ್ ನಮಸ್ಕಾರ ಹೇಳಿ ಟೊರಾಂಟೊಗೆ ಹೋಗಿ, 2021ರಲ್ಲಿ 45 ಹೋಮ್ ರನ್ ಹೊಡೆದು, ಅನಂತರ ಟೆಕ್ಸಸ್‌ನಿಂದ 17.5 ಕೋಟಿ ಡಾಲರ್‌ಗಳ ಒಪ್ಪಂದ ಪಡೆದು, 2023ರಲ್ಲಿ ಅಲ್ಲಿ ವರ್ಲ್ಡ್ ಸೀರೀಸ್ ಗೆದ್ದರು. ಇಲ್ಲಿಯೇ ಇದ್ದಿದ್ದರೆ 2030ರವರೆಗೂ ಕಂತಿನ ರಸೀದಿ ಜೋಡಿಸುತ್ತ ಇರಬಹುದಿತ್ತು.

ಕೊಡುವವರಿಗೆ ಮೂಲದಲ್ಲಿ ಬಡತನವೇನೂ ಇಲ್ಲ. ತಂಡದ ಮಾಲೀಕ ಜಾನ್ ಫಿಶರ್ ಅವರ ತಂದೆತಾಯಿಗಳು ಗ್ಯಾಪ್ ಬಟ್ಟೆ ಅಂಗಡಿಗಳನ್ನು ಕಟ್ಟಿದವರು. ಕೋವಿಡ್ ವರ್ಷದಲ್ಲಿ ಕೆಳಹಂತದ ಲೀಗುಗಳ ಹುಡುಗರಿಗೆ ಕೊಡುತ್ತಿದ್ದ ವಾರಕ್ಕೆ 400 ಡಾಲರನ್ನು ನಿಲ್ಲಿಸುತ್ತೇವೆಂದು ಹೇಳಿ, ಊರೆಲ್ಲ ಛೀ ಎಂದ ಮೇಲೆ ಮನಸ್ಸು ಬದಲಾಯಿಸಿದ್ದೂ ಇದೇ ತಂಡವೇ.

ಈಗಿನ ಬಿಡಾರದ ವಿಚಾರಕ್ಕೆ ಬರೋಣ. ವೆಸ್ಟ್ ಸ್ಯಾಕ್ರಮೆಂಟೊದ ಮೈದಾನ ಕೆಳಹಂತದ ತಂಡವೊಂದರದು. ಸುಮಾರು 14,000 ಜನ ಹಿಡಿಸುತ್ತಾರೆ. ಅದನ್ನು ಆಶ್ರಯವಾಗಿ ಕೊಟ್ಟವರು ಮುಂಬಯಿಯಲ್ಲಿ ಹುಟ್ಟಿದ ವಿವೇಕ್ ರಣದಿವೆ. ಬಾಡಿಗೆ ಇಲ್ಲವೆಂದು ವರದಿಗಳಿವೆ. ಭಾರತೀಯ ಮೂಲದ ಮನೆಯೊಡೆಯನೊಬ್ಬ ಹತ್ತು ತಿಂಗಳ ಮುಂಗಡವನ್ನು ಕೇಳದೆ, ಬಾಡಿಗೆಯನ್ನೂ ಕೇಳದೆ ಮನೆ ಬಿಟ್ಟುಕೊಟ್ಟದ್ದನ್ನು ಬೆಂಗಳೂರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಆಟಗಾರರ ಕೋಣೆಗಳು ಹೊರ ಮೈದಾನದ ಗೋಡೆಯಾಚೆ ಇವೆ. ಆಟದ ನಡುವೆ ಬಚ್ಚಲಿಗೋ ಬಟ್ಟೆ ಬದಲಿಸುವುದಕ್ಕೋ ಹೋಗಬೇಕಾದ ಕೋಟ್ಯಧೀಶನು, ಹಳೆಯ ವಠಾರಗಳಲ್ಲಿ ಹಿತ್ತಲಿಗೆ ಚೊಂಬು ಹಿಡಿದು ನಡೆಯುತ್ತಿದ್ದಂತೆ, ಎಲ್ಲರ ಕಣ್ಣೆದುರಿಗೆ ನಡೆದು ಹೋಗಬೇಕು. ಗೃಹಪ್ರವೇಶದ ದಿನ, ಅಂದರೆ 2025ರ ಮಾರ್ಚ್ 31ರಂದು, ಶಿಕಾಗೊ ಕಬ್ಸ್ ಬಂದು 18-3ರಿಂದ ಸೋಲಿಸಿ ಉಡುಗೊರೆ ಕೊಟ್ಟು ಹೋದರು. ದಾಖಲೆಯ ಸಂಬಳದ ಸೆವೆರಿನೊ ಅವರಿಗೆ ಈ ಮೈದಾನ ಒಗ್ಗಲಿಲ್ಲ. ಇಲ್ಲಿ ಆಡುವುದು ಅಭ್ಯಾಸ ಪಂದ್ಯದಂತೆ ಇದೆ ಎಂಬ ಅರ್ಥದಲ್ಲಿ ಬಾಯಿಬಿಟ್ಟೇ ಹೇಳಿದರು. ಪರಸ್ಥಳಗಳಲ್ಲಿ ಅವರು ಚೆನ್ನಾಗಿ ಎಸೆದರು, ಮನೆಯಲ್ಲಿ ಮಾತ್ರ ಏಟು ತಿಂದರು. ಮನೆಯೆಂಬುದು ಎಲ್ಲಿದೆ ಎಂಬುದನ್ನು ಅವರಿಗೂ ಯಾರೂ ಹೇಳಿಲ್ಲದಿರಬಹುದು.

ಲಾಸ್ ವೇಗಸ್‌ನಲ್ಲಿ ನೆವಾಡಾದ ತೆರಿಗೆದಾರರು 38 ಕೋಟಿ ಡಾಲರ್‌ವರೆಗೆ ಹೊರಲಿದ್ದಾರೆ, ಒಟ್ಟು ವೆಚ್ಚ 150 ಕೋಟಿಯಿಂದ ಹೊರಟು 200 ಕೋಟಿಗೆ ಬಂದು ನಿಂತಿದೆ, 33,000 ಆಸನಗಳ ಮೈದಾನವು 9 ಎಕರೆಯಲ್ಲಿ ಏಳಲಿದೆ. ನಮ್ಮ ಕಡೆಯ ಸಾಧಾರಣ ಕಾಫಿ ತೋಟ ಇದಕ್ಕಿಂತ ದೊಡ್ಡದಿರುತ್ತದೆ. ತಂಡ ಊರು ಬಿಡುವುದಕ್ಕೆ 2023ರ ನವೆಂಬರ್‌ನಲ್ಲಿ 30 ಮಾಲೀಕರೂ ಒಕ್ಕೊರಲಿನಿಂದ ಒಪ್ಪಿದರು, ವಲಸೆಯ ಶುಲ್ಕವನ್ನೂ ಮನ್ನಾ ಮಾಡಿದರು. ಮೂವತ್ತು ಜನ ಸೇರಿದ ಕಡೆ ಒಬ್ಬನಾದರೂ ತಕರಾರು ತೆಗೆಯಬೇಕು, ಇಲ್ಲದಿದ್ದರೆ ಅದು ಸಭೆಯೇ ಅಲ್ಲ ಎಂಬುದು ನಮ್ಮ ಸಂಘಸಂಸ್ಥೆಗಳ ಸಂಪ್ರದಾಯ. ಅಲ್ಲಿ ಒಬ್ಬನೂ ಇರಲಿಲ್ಲ.

ಇನ್ನು ನಾನು ಹಾಸ್ಯ ಮಾಡಲಾರೆ, ಏಕೆಂದರೆ ತಂಡ ಚೆನ್ನಾಗಿದೆ. ಇದೇ ಹೊಟ್ಟೆಯುರಿಯ ವಿಷಯ. ನಿಕ್ ಕರ್ಟ್ಸ್ ಎಂಬ 22ರ ಹುಡುಗ 2025ರ ಜುಲೈ 25ರಂದು ಹ್ಯೂಸ್ಟನ್‌ನಲ್ಲಿ ಆರು ಸರದಿಗೆ ಆರು ಹಿಟ್ ಹೊಡೆದ. ಅದರಲ್ಲಿ ನಾಲ್ಕು ಹೋಮ್ ರನ್. ಒಂದೇ ಆಟದಲ್ಲಿ ನಾಲ್ಕು ಹೊಡೆದ ಹೊಸಬ ಲೀಗಿನ ಇತಿಹಾಸದಲ್ಲಿ ಅದಕ್ಕೆ ಮೊದಲು ಇರಲಿಲ್ಲ. ವರ್ಷದ ಹೊಸ ಆಟಗಾರನ ಪ್ರಶಸ್ತಿ ಸರ್ವಾನುಮತದಿಂದ ಅವನಿಗೆ ಬಂತು. ಎರಡನೆಯವನು ನಮ್ಮ ವಿಲ್ಸನ್. ಮೇ ತಿಂಗಳಿಂದ ಜೂನ್ ಆರಂಭದವರೆಗೆ 21ರಲ್ಲಿ 20 ಆಟ ಸೋತ ತಂಡವೇ ಕೊನೆಗೆ 76 ಗೆದ್ದಿತು. ಸೋಡರ್‌ಸ್ಟ್ರಾಮ್ ಹಾಗೂ ವಿಲ್ಸನ್‌ರನ್ನು ಏಳೇಳು ವರ್ಷಕ್ಕೆ ಹಿಡಿದಿಟ್ಟದ್ದು ಸರಿಯಾದ ಕೆಲಸ. 2022ರಲ್ಲಿ ನ್ಯಾಷನಲ್ ಲೀಗಿನ ಬ್ಯಾಟಿಂಗ್ ಕಿರೀಟ ಧರಿಸಿದ್ದ ಜೆಫ್ ಮೆಕ್‌ನೀಲ್‌ರನ್ನು ಈ ಚಳಿಗಾಲ ಮೆಟ್ಸ್‌ನಿಂದ ತಂದದ್ದೂ ತಪ್ಪಲ್ಲ. ಪಿಚರ್‌ಗಳನ್ನು ಇನ್ನೂ ಇಬ್ಬರನ್ನು ತರಬೇಕಿತ್ತು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಗಂಟೆಗೆ ನೂರು ಮೈಲಿಯ ಮೇಲೆ ಎಸೆಯುತ್ತಿದ್ದ ಮೇಸನ್ ಮಿಲ್ಲರ್‌ರನ್ನು ಕಳೆದ ಜುಲೈನಲ್ಲಿ ಸ್ಯಾನ್ ಡಿಯೆಗೊಗೆ ಕೊಟ್ಟ ಮೇಲೆ ಕೊನೆಯ ಇನ್ನಿಂಗ್ಸುಗಳನ್ನು ನೋಡಲು ಗಟ್ಟಿ ಹೃದಯ ಬೇಕು. ಹೀಗೆ ಲೆಕ್ಕ ಹಾಕುತ್ತ ಹಾಕುತ್ತ ನಾನು ಮತ್ತೆ ಅಭಿಮಾನಿಯಾಗಿಬಿಡುತ್ತೇನೆ, ಮರುಕ್ಷಣವೇ ನಾಚಿಕೆಯಾಗುತ್ತದೆ. ಓಲ್ಸನ್‌ಗೂ ಚಾಪ್‌ಮನ್‌ಗೂ ಸೆಮಿಯೆನ್‌ಗೂ ಇದನ್ನೇ ಮಾಡಬಹುದಿತ್ತಲ್ಲ. ಓಕ್‌ಲ್ಯಾಂಡ್‌ನಲ್ಲಿ ಇದ್ದಾಗ ಹಣ ಇರಲಿಲ್ಲ, ಊರಿಲ್ಲದಿರುವಾಗ ಹಣ ಇದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ಗಾದೆ ಹೇಳುತ್ತದೆ. ಇಲ್ಲಿ ಕೊಳ್ಳೆ ಹೊಡೆದವರೂ ಬಾಗಿಲು ಹಾಕುತ್ತಿರುವವರೂ ಒಬ್ಬರೇ.

2023ರ ಜೂನ್ 13ರ ರಾತ್ರಿ ನಾನು ಕೊಲಿಸಿಯಂನಲ್ಲಿದ್ದೆ. ಜನ ಬರುವುದಿಲ್ಲ, ಅದಕ್ಕೇ ಊರು ಬಿಡುತ್ತೇವೆ ಎಂಬ ಮಾತಿಗೆ ಉತ್ತರವಾಗಿ ಅಭಿಮಾನಿಗಳೇ ಕರೆ ಕೊಟ್ಟು ಮೈದಾನ ತುಂಬಿಸಿದ ರಾತ್ರಿಯದು. 27,759 ಮಂದಿ ಬಂದಿದ್ದರು. ಹಸಿರು ಅಂಗಿಯ ಮೇಲೆ ಮಾಲೀಕರಿಗೆ ಒಂದೇ ಪದ: ಮಾರಿಬಿಡಿ. ತಂಡವೂ ಆ ದಿನ ಟ್ಯಾಂಪಾ ಬೇಯನ್ನು 2-1ರಿಂದ ಸೋಲಿಸಿತು, ಸತತ ಏಳನೆಯ ಗೆಲುವು. ಪಕ್ಕದಲ್ಲಿದ್ದ ಮುದುಕರೊಬ್ಬರು 1972, 73, 74ರ ಮೂರೂ ವರ್ಲ್ಡ್ ಸೀರೀಸ್‌ಗಳನ್ನು ಕಂಡವರು, ಎದ್ದು ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅದೇ ದಿನ ನೆವಾಡಾದ ಸೆನೆಟ್ ಮೈದಾನಕ್ಕೆ ಹಣ ಕೊಡುವ ಮಸೂದೆಯನ್ನು ಅಂಗೀಕರಿಸಿತು. ಎರಡು ದಿನಗಳಲ್ಲಿ ರಾಜ್ಯಪಾಲರ ಸಹಿಯೂ ಬಿತ್ತು. ಅಷ್ಟು ಜನ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ ಎಂದಲ್ಲ. ಕೇಳಿಸಿತು, ಆದರೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ನನಗೆ ಸಾಕಾಗಿದೆ. ಒಂದೂವರೆ ಪಟ್ಟು, ಎರಡು ಪಟ್ಟು, ಯಾವ ಪಟ್ಟಿನಲ್ಲಿ ಸಂಬಳ ಕೊಟ್ಟರೂ ಆ ಮುದುಕರಿಗೆ ಅದರಲ್ಲಿ ಒಂದು ಟಿಕೆಟ್ಟಿನಷ್ಟೂ ಸಲ್ಲುವುದಿಲ್ಲ.

2026ರ ಜೂನ್‌ನಲ್ಲಿ ಆರು “ತವರಿನ” ಆಟಗಳನ್ನು ಲಾಸ್ ವೇಗಸ್‌ನ ಇನ್ನೊಂದು ಸಣ್ಣ ಮೈದಾನದಲ್ಲಿ ಆಡುತ್ತಾರಂತೆ. ಕರ್ಟ್ಸ್‌ನನ್ನು ನೋಡಲು ಎರಡು ಗಂಟೆ ಕಾರು ಓಡಿಸಿ ಸ್ಯಾಕ್ರಮೆಂಟೊಗೆ ಹೋಗೋಣವೆಂದು ಮಗ ಕಳೆದ ವರ್ಷದಿಂದ ಕೇಳುತ್ತಿದ್ದಾನೆ. ನಾನು ಒಪ್ಪಿಲ್ಲ. ಕಳೆದ ಮೇ ತಿಂಗಳಲ್ಲಿ ತಂಡವು ಸ್ಯಾನ್ ಫ್ರಾನ್ಸಿಸ್ಕೊಗೆ ಅತಿಥಿಯಾಗಿ ಬಂದಾಗ ಮಾತ್ರ ಅವನನ್ನು ಕರೆದುಕೊಂಡು ಹೋದೆ. ಫ್ರೀಮಾಂಟ್‌ನಲ್ಲಿ ನಾವು ಹತ್ತಿದ ಬಾರ್ಟ್ ರೈಲಿನ ಮಾರ್ಗಕ್ಕೆ ಹಸಿರು ಮಾರ್ಗವೆಂದೇ ಹೆಸರು. ಅರ್ಧ ದಾರಿಯಲ್ಲಿ ಕೊಲಿಸಿಯಂ ನಿಲ್ದಾಣ ಬಂತು. ಹಳೆಯ ಅಭ್ಯಾಸದಿಂದ ನಾನು ಎದ್ದು ನಿಂತಿದ್ದೆ. ಬಾಗಿಲು ತೆರೆಯಿತು, ವಿಮಾನ ನಿಲ್ದಾಣಕ್ಕೆ ಹೋಗುವ ಇಬ್ಬರು ಪೆಟ್ಟಿಗೆ ಎಳೆದುಕೊಂಡು ಇಳಿದರು. “ಅಪ್ಪಾ, ನಮ್ಮದು ಇನ್ನೂ ಮುಂದೆ” ಎಂದು ಮಗ ನನ್ನ ಅಂಗಿಯನ್ನು ಹಿಡಿದು ಕೂರಿಸಿದ.